ಟ್ರಿನಿಡಾಡಿನ ರಸ್ತೆಗಳಲ್ಲಿ ಮೂರು ತಿಂಗಳು

(ಸಂಘದ ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



‘ನಿಮ್ಮ ವಿದೇಶ ಪ್ರವಾಸದ ಬಗ್ಗೆ ನಾಲ್ಕು ಮಾತು ಹೇಳಿ’ ಎಂದು ಕಾರ್ಯದರ್ಶಿಯವರು ಫೋನ್ ಮಾಡಿದಾಗ ನನಗೆ ನಗು ಬಂತು. ನಾನು ಪ್ರವಾಸಕ್ಕೆ ಹೋದವಳಲ್ಲ, ಮಗಳ ಬಾಣಂತನಕ್ಕೆ ಹೋದವಳು. ಸೂಟ್‌ಕೇಸಿನಲ್ಲಿ ಕ್ಯಾಮೆರಾ ಇರಲಿಲ್ಲ. ಅಂಟಿನುಂಡೆ, ಓಮ, ಒಣಶುಂಠಿ, ಹಳೆಯ ಹತ್ತಿ ಸೀರೆಗಳು ಇದ್ದವು. ಆದರೂ ಹೋದ ದೇಶ ನಮ್ಮಲ್ಲಿ ಯಾರೂ ನೋಡದ ದೇಶ. ಹಾಗಾಗಿ ಒಪ್ಪಿಕೊಂಡೆ.

ದೇಶದ ಹೆಸರು ಟ್ರಿನಿಡಾಡ್ ಮತ್ತು ಟೊಬೇಗೋ. ನಮ್ಮ ಮನೆಯ ಗಂಡಸರಿಗೆ ಅದು ಬ್ರಯಾನ್ ಲಾರಾನ ಊರು. ನನಗೆ ಅಷ್ಟೂ ಗೊತ್ತಿರಲಿಲ್ಲ. ಅಳಿಯನಿಗೆ ಅಲ್ಲಿ ಕೆಲಸ ಸಿಕ್ಕಿತೆಂದು ಮಗಳು ಹೇಳಿದಾಗ ಮೊಮ್ಮಕ್ಕಳ ಹಳೆಯ ಅಟ್ಲಾಸ್ ತೆಗೆದು ಕನ್ನಡಕ ಹಾಕಿಕೊಂಡು ಹುಡುಕಿದೆ. ದಕ್ಷಿಣ ಅಮೆರಿಕದ ತಲೆಯ ಮೇಲೆ, ವೆನೆಜುವೆಲಾ ದೇಶಕ್ಕೆ ಅಂಟಿದ ಹಾಗೆ ಒಂದು ಚುಕ್ಕೆ. ಅದರ ಈಶಾನ್ಯಕ್ಕೆ ಇನ್ನೂ ಸಣ್ಣದೊಂದು ಚುಕ್ಕೆ. ದೊಡ್ಡದು ಟ್ರಿನಿಡಾಡ್, ಚಿಕ್ಕದು ಟೊಬೇಗೋ. ವೆನೆಜುವೆಲಾದ ತೀರ ಅಲ್ಲಿಂದ ಅತಿ ಹತ್ತಿರದ ಜಾಗದಲ್ಲಿ ಬರೀ 11 ಕಿಲೋಮೀಟರು. ಕೆರಿಬಿಯನ್ ದ್ವೀಪಗಳ ಸಾಲಿನಲ್ಲಿ ಎಲ್ಲಕ್ಕಿಂತ ದಕ್ಷಿಣದಲ್ಲಿರುವುದರಿಂದ ಉಳಿದ ದ್ವೀಪಗಳನ್ನು ಹಣ್ಣು ಮಾಡುವ ಚಂಡಮಾರುತಗಳು ಟ್ರಿನಿಡಾಡನ್ನು ಸಾಮಾನ್ಯವಾಗಿ ಪಕ್ಕಕ್ಕೆ ಬಿಟ್ಟು ಹೋಗುತ್ತವೆ.

ಎರಡೂ ದ್ವೀಪ ಸೇರಿ 5,128 ಚದರ ಕಿಲೋಮೀಟರು. ಟೊಬೇಗೋ ಅದರಲ್ಲಿ 300 ಮಾತ್ರ. ಅಂದರೆ ಟ್ರಿನಿಡಾಡ್ ಹೆಚ್ಚುಕಡಿಮೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಷ್ಟು. ಜನಸಂಖ್ಯೆ ಕೇಳಿದರೆ ಡೊಂಬಿವಲಿಯ ನಾವು ನಗಬೇಕು. 2011ರ ಜನಗಣತಿಯಲ್ಲಿ ಇಡೀ ದೇಶದ ಜನ 13 ಲಕ್ಷ 28 ಸಾವಿರ. ಅದೇ ವರ್ಷ ನಮ್ಮ ಕಲ್ಯಾಣ–ಡೊಂಬಿವಲಿ ಮಹಾನಗರಪಾಲಿಕೆಯ ಜನ 12 ಲಕ್ಷಕ್ಕೂ ಹೆಚ್ಚು! ನಮ್ಮ ಒಂದು ಪಾಲಿಕೆಯಷ್ಟು ಜನ ಸೇರಿ ಒಂದು ದೇಶ. ಅವರಿಗೊಂದು ಪಾರ್ಲಿಮೆಂಟು, ರಾಷ್ಟ್ರಪತಿ, ಪ್ರಧಾನಿ, ತಮ್ಮದೇ ಡಾಲರು. 1962ರ ಆಗಸ್ಟ್ 31ರಂದು ಬ್ರಿಟಿಷರಿಂದ ಸ್ವತಂತ್ರವಾಯಿತು, 1976ರಲ್ಲಿ ಗಣರಾಜ್ಯವಾಯಿತು. 2010ರಲ್ಲಿ ಕಮಲಾ ಪರ್ಸಾದ್ ಬಿಸ್ಸೇಸರ್ ಅಲ್ಲಿನ ಮೊದಲ ಮಹಿಳಾ ಪ್ರಧಾನಿಯಾದರು. 2025ರಲ್ಲಿ ಮತ್ತೊಮ್ಮೆ ಆ ಕುರ್ಚಿಗೆ ಬಂದರು. 2018ರಿಂದ ಈಚೆಗೆ ರಾಷ್ಟ್ರಪತಿಗಳಾದ ಇಬ್ಬರೂ ಹೆಂಗಸರೇ. ಮಹಿಳಾ ವೇದಿಕೆಯಲ್ಲಿ ಇದನ್ನು ಹೇಳದೆ ಮುಂದೆ ಹೋದರೆ ನೀವು ನನ್ನನ್ನು ಬಿಡುವುದಿಲ್ಲ.

ಈಗ ನನ್ನ ಕಥೆಗೆ ಬರುತ್ತೇನೆ.

ಜನವರಿ ಮೊದಲ ವಾರ. ಮುಂಬಯಿಯಿಂದ ನ್ಯೂಯಾರ್ಕ್, ಅಲ್ಲಿಂದ ಸುಮಾರು ಐದು ಗಂಟೆಯ ಹಾರಾಟ, ಪಿಯಾರ್ಕೋ ವಿಮಾನ ನಿಲ್ದಾಣ. ಹೊರಗೆ ಕಾಲಿಟ್ಟ ಕೂಡಲೇ ಬೆವರು. ತೆಂಗು, ಮಾವು, ಹಲಸು, ದಾಸವಾಳ. ಅಂಕೋಲೆಯ ನನ್ನ ತವರಿಗೇ ಬಂದೆನೇನೋ ಅನ್ನಿಸಿತು. ಆಶ್ಚರ್ಯವೇನೂ ಇಲ್ಲ. ರಾಜಧಾನಿ ಪೋರ್ಟ್ ಆಫ್ ಸ್ಪೇನ್ ಇರುವ ಅಕ್ಷಾಂಶ ನಮ್ಮ ಕೊಚ್ಚಿ ಮತ್ತು ಕೋಳಿಕ್ಕೋಡಿನ ನಡುವೆ ಹಾದುಹೋಗುತ್ತದೆ. ಅಳಿಯ ಕಾರಿನ ಬಾಗಿಲು ತೆಗೆದಾಗ ಸ್ಟಿಯರಿಂಗ್ ಬಲಗಡೆ! ನಮ್ಮ ಹಾಗೆಯೇ ಎಡಬದಿಯಲ್ಲಿ ಗಾಡಿ ಓಡಿಸುವ ದೇಶ. ಬ್ರಿಟಿಷರು ಬಿಟ್ಟುಹೋದ ಅಭ್ಯಾಸ. ಜಪಾನಿನಿಂದ ಬಂದ ಸೆಕೆಂಡ್ ಹ್ಯಾಂಡ್ ಕಾರುಗಳೇ ಎಲ್ಲೆಲ್ಲೂ.

ಮಗಳ ಮನೆ ಕೂವಾ ಎಂಬ ಊರಿನಲ್ಲಿ. ದ್ವೀಪದ ಪಶ್ಚಿಮ ಬದಿಯ ಬಯಲು. ಮೊದಲು ಅದೆಲ್ಲ ಕಬ್ಬಿನ ಗದ್ದೆ. 2003ರಲ್ಲಿ ಸರಕಾರಿ ಸಕ್ಕರೆ ಕಂಪನಿ ಮುಚ್ಚಿತು. ಹತ್ತಿರದ ಪಾಯಿಂಟ್ ಲಿಸಾಸ್‌ನಲ್ಲಿ ನೈಸರ್ಗಿಕ ಅನಿಲದಿಂದ ಅಮೋನಿಯಾ, ಮೆಥನಾಲ್ ಮಾಡುವ ದೊಡ್ಡ ದೊಡ್ಡ ಕಾರ್ಖಾನೆಗಳಿವೆ. ಅಳಿಯನ ಕೆಲಸ ಅಲ್ಲೇ.

ನಾನು ಇಪ್ಪತ್ತೆಂಟು ವರ್ಷ ಡೊಂಬಿವಲಿಯಿಂದ ಲೋಕಲ್ ಹಿಡಿದು ಕೆಲಸಕ್ಕೆ ಹೋದವಳು. ಬೆಳಗಿನ ಫಾಸ್ಟ್ ಟ್ರೇನಿನಲ್ಲಿ ಬಾಗಿಲಲ್ಲಿ ನಿಂತವಳಿಗೆ ಜಗತ್ತಿನ ಯಾವ ಪ್ರಯಾಣವೂ ಕಷ್ಟವಲ್ಲ ಎಂದು ನನ್ನ ಜಂಬ. ಆ ಜಂಬ ಮೂರನೆಯ ದಿನವೇ ಇಳಿಯಿತು. ಕೊತ್ತಂಬರಿ ಸೊಪ್ಪು ತರೋಣವೆಂದು ಒಬ್ಬಳೇ ಹೊರಟೆ. ಫುಟ್‌ಪಾತ್ ಇಲ್ಲ. ನಡೆಯುವವರು ಯಾರೂ ಇಲ್ಲ. ಕಾರುಗಳು ಸುಂಯ್ ಎಂದು ಹೋಗುತ್ತಿವೆ. ಅಷ್ಟರಲ್ಲಿ ಒಂದು ಕಾರು ನನ್ನ ಪಕ್ಕ ನಿಧಾನ ಮಾಡಿ ಪಾಂ ಪಾಂ ಎಂದು ಹಾರ್ನ್ ಹಾಕಿತು. ಒಳಗಿದ್ದವನು ಕೈ ಮಾಡಿ ಏನೋ ಕೇಳಿದ. ನಾನು ಸೆರಗು ಬಿಗಿ ಮಾಡಿ ಮನೆಗೆ ಓಡಿದೆ! ಸಂಜೆ ಅಳಿಯ ನಗುತ್ತ ಹೇಳಿದ, “ಅತ್ತೆ, ಅವನು ಟ್ಯಾಕ್ಸಿಯವನು. ಬರ್ತೀರಾ ಅಂತ ಕೇಳಿದ್ದು.”

ಅಲ್ಲಿ ಹಾಗೆಯೇ. ಮೀಟರ್ ಇಲ್ಲ, ಟ್ಯಾಕ್ಸಿ ಎಂದು ಬರೆದಿರುವುದೂ ಕಡಿಮೆ. ನೋಡಲು ಯಾರದೋ ಮನೆಯ ಕಾರಿನ ಹಾಗೆ. ಗುರುತು ನಂಬರ್ ಪ್ಲೇಟಿನಲ್ಲಿ. ‘ಎಚ್’ ಅಕ್ಷರದಿಂದ ಶುರುವಾದರೆ ಬಾಡಿಗೆ ಗಾಡಿ, ‘ಪಿ’ ಇದ್ದರೆ ಖಾಸಗಿ. ಒಂದು ಊರಿಂದ ಇನ್ನೊಂದು ಊರಿಗೆ ಗೊತ್ತಾದ ದಾರಿ, ಗೊತ್ತಾದ ದುಡ್ಡು, ಸೀಟು ತುಂಬಿದರೆ ಹೊರಟಿತು. ನಮ್ಮ ಸ್ಟೇಷನ್ ಹೊರಗಿನ ಶೇರ್ ರಿಕ್ಷಾದ ಅಣ್ಣ ಎಂದುಕೊಳ್ಳಿ. ‘ಪಿ’ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ. ಆದರೂ ಎಷ್ಟೋ ಜನ ಓಡಿಸುತ್ತಾರೆ, ಬೇರೆ ಗಾಡಿ ಸಿಗದ ಕಡೆ ಜನ ಹತ್ತುತ್ತಾರೆ.

ನನ್ನ ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ. 2021ರ ಆರಂಭದಲ್ಲಿ ಕೆಲಸ ಮುಗಿಸಿ ಮನೆಗೆ ಹೊರಟ ಒಬ್ಬ ಯುವತಿ ಟ್ಯಾಕ್ಸಿ ಎಂದು ನಂಬಿ ಕಾರು ಹತ್ತಿದಳು. ‘ಎಚ್’ ಪ್ಲೇಟು ನಕಲಿಯಾಗಿತ್ತು. ಕೆಲವು ದಿನಗಳ ನಂತರ ಅವಳ ಹೆಣ ಸಿಕ್ಕಿತು. ಇಡೀ ದೇಶ ಮೇಣದಬತ್ತಿ ಹಿಡಿದು ರಸ್ತೆಗಿಳಿಯಿತು. ಹೆಂಗಸರು ಸ್ವರಕ್ಷಣೆಗೆ ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಲು ಅವಕಾಶ ಕೊಡುವ ಕಾನೂನು ಅದೇ ವರ್ಷ ಬಂತು. ಮಗಳು ಇದನ್ನು ಹೇಳಿ, “ಅಮ್ಮಾ, ನೀನು ಒಬ್ಬಳೇ ಹೋಗಬೇಡ” ಎಂದಳು. ನಾನು ಹೋಗಲಿಲ್ಲ. ಮಗು ಹುಟ್ಟುವ ತನಕ ಮತ್ತು ಹುಟ್ಟಿ ತಿಂಗಳಾಗುವ ತನಕ ನನ್ನ ಲೋಕ ಅಡಿಗೆಮನೆ, ತೊಟ್ಟಿಲು, ಹಿತ್ತಿಲು. ಡೊಂಬಿವಲಿಯಲ್ಲಿ ಯಾರ ಹಂಗೂ ಇಲ್ಲದೆ ತಿರುಗುತ್ತಿದ್ದವಳು ಒಂದು ಕಟ್ಟು ಸೊಪ್ಪಿಗೂ ಅಳಿಯನ ದಾರಿ ಕಾಯುವ ಹಾಗಾಯಿತು. ಹೊರನಾಡಿನಲ್ಲಿ ಮಕ್ಕಳ ಮನೆಗೆ ಹೋಗಿ ಬಂದ ನಿಮ್ಮಲ್ಲಿ ಕೆಲವರಿಗೆ ಈ ಕಷ್ಟ ಗೊತ್ತು. ಬಾಯಿಬಿಟ್ಟು ಹೇಳುವಂತಿಲ್ಲ, ನುಂಗುವಂತಿಲ್ಲ.

ಹಿತ್ತಿಲಿನ ಬೇಲಿಯಾಚೆ ಎಂಬತ್ತು ದಾಟಿದ ಒಬ್ಬ ಮುದುಕಿ ಇದ್ದರು. ಬೀದಿಯವರೆಲ್ಲ ಅವರನ್ನು ‘ಆಜಿ’ ಎನ್ನುತ್ತಿದ್ದರು. ಮೊದಲ ಸಲ ಕೇಳಿದಾಗ ನನ್ನ ಕಿವಿ ನಿಮಿರಿತು. ನಮ್ಮ ಅಜ್ಜಿ ಇಲ್ಲಿಗೆ ಹೇಗೆ ಬಂದಳು? ಆಮೇಲೆ ಗೊತ್ತಾಯಿತು, ಅದು ಭೋಜಪುರಿ ಮಾತು. ಅಪ್ಪನ ತಾಯಿ ಆಜಿ, ಅಮ್ಮನ ತಾಯಿ ನಾನಿ. ಮಗುವನ್ನು ಎತ್ತಿಕೊಂಡು ನಾನು, “ಅಜ್ಜಿ ಹತ್ರ ಬಾ” ಎಂದರೆ ಅವರು ಬೇಲಿಯಾಚೆಯಿಂದ ತಿದ್ದುತ್ತಿದ್ದರು, “ಬೇಟಿ, ನೀನು ಆಜಿ ಅಲ್ಲ, ನಾನಿ!” ನಮ್ಮಲ್ಲಿ ಎರಡೂ ಕಡೆಯವರು ಅಜ್ಜಿಯೇ ಎಂದು ಹೇಳಿದರೆ ಅವರಿಗೆ ನಂಬಿಕೆಯೇ ಬರಲಿಲ್ಲ.

ಆಜಿಗೆ ಬರುತ್ತಿದ್ದುದು ಟ್ರಿನಿಡಾಡಿನ ಇಂಗ್ಲಿಷು. ಹಿಂದಿ ಭಜನೆಗಳು ಬಾಯಿಪಾಠ, ಅರ್ಥ ಅಷ್ಟಕ್ಕಷ್ಟೆ. ಭೋಜಪುರಿ ಅವರ ತಾಯಿಯ ಕಾಲಕ್ಕೇ ಹೆಚ್ಚುಕಡಿಮೆ ಮುಗಿದಿತ್ತು. ಆದರೆ ಅವರ ಅಡಿಗೆಮನೆಯಲ್ಲಿ ಹಳೆಯ ಮಾತುಗಳು ಬೆಚ್ಚಗೆ ಕೂತಿದ್ದವು. ರೊಟ್ಟಿ ಬೇಯಿಸುವುದು ತವಾ, ಬದನೆಕಾಯಿ ಸುಟ್ಟು ಮಾಡುವುದು ಬೈಗನ್ ಚೋಕಾ, ಸೊಪ್ಪು ಭಾಜಿ, ಅವರೆಕಾಯಿ ಸೇಮ್, ಅಲಸಂದೆ ಬೋಡಿ. ಕರಿಬೇವಿಗೆ ‘ಕರಾಪುಲೆ’ ಎಂದಾಗ ನಾನು ಬೆರಗಾದೆ. ಅದು ತಮಿಳರ ಕರುವೇಪ್ಪಿಲೆ. ಹಡಗುಗಳು ಹೆಚ್ಚಾಗಿ ಕಲಕತ್ತೆಯಿಂದ ಬಂದರೂ ಕೆಲವು ಮದ್ರಾಸಿನಿಂದಲೂ ಬಂದಿದ್ದವು. ಆ ಜನರ ಭಾಷೆ ಕರಗಿಹೋಯಿತು, ಒಗ್ಗರಣೆಯ ಎಲೆಯ ಹೆಸರು ಉಳಿಯಿತು.

ಹಡಗು ಎಂದೆನಲ್ಲ, ಆ ಇತಿಹಾಸ ಸ್ವಲ್ಪ ಹೇಳಬೇಕು. ಕೊಲಂಬಸ್ 1498ರಲ್ಲಿ ಟ್ರಿನಿಡಾಡನ್ನು ಕಂಡ. ಅಲ್ಲಿಂದ ಮುನ್ನೂರು ವರ್ಷ ಅದು ಸ್ಪೇನಿನ ಲೆಕ್ಕದಲ್ಲಿತ್ತು. 1797ರಲ್ಲಿ ಬ್ರಿಟಿಷರು ಕಿತ್ತುಕೊಂಡರು. ಕಬ್ಬಿನ ತೋಟಗಳಲ್ಲಿ ದುಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. 1838ರಲ್ಲಿ ಅವರಿಗೆ ಪೂರ್ತಿ ಬಿಡುಗಡೆಯಾಯಿತು. ತೋಟಗಳಿಗೆ ಅಗ್ಗದ ಕೂಲಿ ಬೇಕಾಯಿತು. ಆಗ ಕಣ್ಣು ಬಿದ್ದದ್ದು ನಮ್ಮ ದೇಶದ ಮೇಲೆ. 1845ರ ಮೇ 30ರಂದು ‘ಫತೆಲ್ ರಜಾಕ್’ ಎಂಬ ಹಡಗು ಇನ್ನೂರಕ್ಕೂ ಹೆಚ್ಚು ಭಾರತೀಯರನ್ನು ಪೋರ್ಟ್ ಆಫ್ ಸ್ಪೇನಿನಲ್ಲಿ ಇಳಿಸಿತು. 1917ರ ತನಕ ಹೀಗೆ 1 ಲಕ್ಷ 40 ಸಾವಿರಕ್ಕೂ ಹೆಚ್ಚು ಜನ ಬಂದರು, ಬಹುಪಾಲು ಇಂದಿನ ಉತ್ತರ ಪ್ರದೇಶ, ಬಿಹಾರದವರು. ಐದು ವರ್ಷದ ಕರಾರು. ಹತ್ತು ವರ್ಷ ದ್ವೀಪದಲ್ಲಿದ್ದರೆ ವಾಪಸು ಹಡಗು. ಹೆಚ್ಚಿನವರು ವಾಪಸು ಹೋಗಲಿಲ್ಲ. ಮೇ 30 ಈಗ ಅಲ್ಲಿ ಸರಕಾರಿ ರಜೆ, ‘ಭಾರತೀಯರ ಆಗಮನ ದಿನ’.

2011ರ ಲೆಕ್ಕದಲ್ಲಿ ಭಾರತ ಮೂಲದವರು ಶೇಕಡಾ 35, ಆಫ್ರಿಕಾ ಮೂಲದವರು ಶೇಕಡಾ 34, ಮಿಶ್ರ ಮೂಲದವರು ಸುಮಾರು 23. ಯಾರೂ ಬಹುಮತದವರಲ್ಲ. ದೀಪಾವಳಿ, ಈದ್, ಕ್ರಿಸ್‌ಮಸ್ ಮೂರಕ್ಕೂ ಇಡೀ ದೇಶಕ್ಕೆ ರಜೆ. ಚುನಾವಣೆ ಬಂದಾಗ ‘ನಮ್ಮವರು, ನಿಮ್ಮವರು’ ಎಂಬ ಮಾತು ಅಲ್ಲೂ ಏಳುತ್ತದೆ. ಆದರೆ ಬೆಳಿಗ್ಗೆ ರಸ್ತೆ ಬದಿಯಲ್ಲಿ ‘ಡಬಲ್ಸ್’ ತಿನ್ನುವಾಗ ಎಲ್ಲರದೂ ಒಂದೇ ಸಾಲು. ಎರಡು ಮೆತ್ತನೆಯ ಬಾರಾ, ನಡುವೆ ಕಾಬೂಲಿ ಕಡಲೆಯ ಪಲ್ಯ, ಮೇಲೆ ಖಾರದ ಚಟ್ನಿ, ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ನಮ್ಮ ವಡಾಪಾವ್‌ಗೆ ಇರುವ ಗೌರವ ಅಲ್ಲಿ ಅದಕ್ಕಿದೆ.

ಒಂದು ಮಧ್ಯಾಹ್ನ ಆಜಿ ನನ್ನನ್ನು ಕರೆದು ಕಪಾಟಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದರು. ಅದರಲ್ಲಿ ಅವರ ಮುತ್ತಜ್ಜಿಯ ವಲಸೆ ದಾಖಲೆಯ ಪ್ರತಿ. ಇಂಥ ಕಾಗದಗಳನ್ನು ಪೋರ್ಟ್ ಆಫ್ ಸ್ಪೇನಿನ ರಾಷ್ಟ್ರೀಯ ದಾಖಲೆ ಸಂಗ್ರಹಾಲಯದಲ್ಲಿ ಕಾಪಾಡಿಕೊಂಡಿದ್ದಾರೆ. 2011ರಲ್ಲಿ ಯುನೆಸ್ಕೋ ಇವನ್ನು ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿದೆ. ಕೂಡು ಅಕ್ಷರದ ಇಂಗ್ಲಿಷು. ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲಾ, ಠಾಣಾ, ಹಳ್ಳಿ. ಆಜಿ ಬೆರಳಿಟ್ಟು ಕೇಳಿದರು, “ಈ ‘ಜಿಲ್ಲಾ’ ಅಂದ್ರೆ ಏನು ಬೇಟಿ? ಇದು ಹಳ್ಳಿಯ ಹೆಸರಾ?” ಎಂಬತ್ತು ವರ್ಷ ಅದನ್ನು ಊರಿನ ಹೆಸರೆಂದೇ ತಿಳಿದಿದ್ದರು. ನಾನು ವಿವರಿಸಿದೆ. ಮುಂದೆ ಬರೆದಿದ್ದ ಊರು ಗಾಜೀಪುರ. ಫೋನಿನಲ್ಲಿ ನಕ್ಷೆ ತೆಗೆದು ಗಂಗಾ ನದಿಯ ದಡದಲ್ಲಿ ತೋರಿಸಿದೆ. ಅವರು ಆ ಚುಕ್ಕೆಯನ್ನು ಬಹಳ ಹೊತ್ತು ನೋಡಿದರು. ವಯಸ್ಸಿನ ಕಾಲಂನಲ್ಲಿ 20. ಗಂಡನ ಹೆಸರಿನ ಜಾಗ ಖಾಲಿ. ಒಬ್ಬಳೇ ಬಂದವಳು. ಪ್ರತಿ ನೂರು ಗಂಡಸರಿಗೆ ನಲವತ್ತು ಹೆಂಗಸರನ್ನಾದರೂ ಹಡಗು ಹತ್ತಿಸಬೇಕೆಂಬ ನಿಯಮವಿತ್ತು. ಹಾಗೆ ಒಂಟಿಯಾಗಿ ಬಂದ ವಿಧವೆಯರು, ಮನೆಬಿಟ್ಟ ಹೆಣ್ಣುಮಕ್ಕಳು ಬಹಳ.

ಆಮೇಲೆ ಆಜಿ ಹೇಳಿದ ಮಾತು ನಾನು ಮರೆಯುವುದಿಲ್ಲ. ಕರಾರಿನ ಕೂಲಿಗಳು ಚೀಟಿ ಇಲ್ಲದೆ ತೋಟ ಬಿಟ್ಟು ರಸ್ತೆಗೆ ಬರುವಂತಿರಲಿಲ್ಲ. ಸಿಕ್ಕಿಬಿದ್ದರೆ ದಂಡ ಅಥವಾ ಜೈಲು. ಕರಾರು ಮುಗಿದವರೂ ಬಿಡುಗಡೆಯ ಕಾಗದ ತೋರಿಸಬೇಕಿತ್ತು. “ನನ್ನ ಮುತ್ತಜ್ಜಿಗೆ ಈ ರಸ್ತೆಯಲ್ಲಿ ನಡೆಯೋಕೆ ಕಾಗದ ಬೇಕಿತ್ತು. ನಿನಗೆ ಯಾವ ಕಾಗದ ಬೇಕು? ಎರಡು ತಿಂಗಳಾಯ್ತು, ಬೇಲಿ ದಾಟಿಲ್ಲ ನೀನು. ನಾಳೆ ನನ್ನ ಜೊತೆ ಬಾ.”

ಮಗಳು ಒಪ್ಪಿದಳು. ಆಜಿ ನನಗೆ ಹತ್ತುವ ಇಳಿಯುವ ಪಾಠ ಹೇಳಿಕೊಟ್ಟರು. ಮೊದಲು ‘ಎಚ್’ ನೋಡು. ಒಳಗೆ ಹೆಂಗಸರಿದ್ದಾರೆಯೇ ನೋಡು. ಹತ್ತುವ ಮೊದಲು ಎಲ್ಲಿಗೆ ಹೋಗುತ್ತದೆ ಕೇಳು. ಕತ್ತಲಾಗುವ ಮೊದಲು ಮನೆ ಸೇರು. ಎಲ್ಲಕ್ಕಿಂತ ಮುಖ್ಯ, ಒಳಗೆ ಕೂರುವಾಗ ‘ಗುಡ್ ಮಾರ್ನಿಂಗ್’ ಹೇಳದಿದ್ದರೆ ನಿನ್ನನ್ನು ಸಂಸ್ಕಾರ ಇಲ್ಲದವಳು ಅಂದುಕೊಳ್ಳುತ್ತಾರೆ! ನಿಜ. ಯಾರೋ ಹತ್ತುತ್ತಾರೆ, ಒಟ್ಟಾರೆ ಎಲ್ಲರಿಗೂ ಶುಭೋದಯ ಹೇಳುತ್ತಾರೆ, ಎಲ್ಲರೂ ಉತ್ತರಿಸುತ್ತಾರೆ, ಮತ್ತೆ ಮೌನ.

ದೂರದ ಊರುಗಳಿಗೆ ‘ಮ್ಯಾಕ್ಸಿ ಟ್ಯಾಕ್ಸಿ’ ಎಂಬ ವ್ಯಾನುಗಳು. ಬಿಳಿ ಗಾಡಿಗೆ ಬಣ್ಣದ ಪಟ್ಟಿ. ಪಟ್ಟಿಯ ಬಣ್ಣ ನೋಡಿದರೆ ದಾರಿ ತಿಳಿಯುತ್ತದೆ, ಓದು ಬಾರದವರಿಗೂ ಅನುಕೂಲ. ಹಳದಿ ಪಟ್ಟಿ ರಾಜಧಾನಿ ಮತ್ತು ಅದರ ಪಶ್ಚಿಮಕ್ಕೆ, ಕೆಂಪು ಪೂರ್ವದ ಅರೀಮಾ ಕಡೆಗೆ, ಹಸಿರು ಚಗುವಾನಸ್, ಸ್ಯಾನ್ ಫೆರ್ನಾಂಡೋ ಕಡೆಗೆ, ಕಪ್ಪು ಪ್ರಿನ್ಸೆಸ್ ಟೌನಿಗೆ, ಕಂದು ನೈರುತ್ಯದ ಊರುಗಳಿಗೆ, ಟೊಬೇಗೋದಲ್ಲಿ ನೀಲಿ. ಅಲ್ಲಿ ರೈಲು ಇಲ್ಲ. ಮೊದಲು ಇತ್ತು, 1968ರಲ್ಲಿ ನಿಂತಿತು. ಪೋರ್ಟ್ ಆಫ್ ಸ್ಪೇನಿನ ಹಳೆಯ ರೈಲ್ವೆ ಸ್ಟೇಷನ್ನೇ ಈಗಿನ ಬಸ್ ನಿಲ್ದಾಣ, ‘ಸಿಟಿ ಗೇಟ್’. ಅರೀಮಾಗೆ ಹೋಗುತ್ತಿದ್ದ ಹಳಿಯ ಜಾಗದಲ್ಲಿ ಬಸ್ಸು ಮತ್ತು ಮ್ಯಾಕ್ಸಿಗಳಿಗೆ ಮೀಸಲಾದ ರಸ್ತೆ ಮಾಡಿದ್ದಾರೆ. ಪಕ್ಕದ ಹೆದ್ದಾರಿಯಲ್ಲಿ ಕಾರುಗಳು ಇರುವೆಯ ಸಾಲಾಗಿ ನಿಂತಿದ್ದರೆ ಈ ದಾರಿಯಲ್ಲಿ ಮ್ಯಾಕ್ಸಿ ಹಾರುತ್ತದೆ. ನಾವು ಲೋಕಲ್‌ಗೆ ಶಾಪ ಹಾಕುತ್ತೇವೆ. ಬೆಳಿಗ್ಗೆ ಐದಕ್ಕೇ ಎದ್ದು ಕಾರಿನಲ್ಲಿ ಕೂತು ತೂಕಡಿಸುವ ಅವರನ್ನು ನೋಡಿದ ಮೇಲೆ ಲೋಕಲ್ ನಮ್ಮ ಪುಣ್ಯ ಎನ್ನಿಸಿತು.

ಮುಖ್ಯ ರಸ್ತೆಗಳ ಲೆಕ್ಕ ಸುಲಭ. ರಾಜಧಾನಿಯಿಂದ ಪೂರ್ವಕ್ಕೆ ಚರ್ಚಿಲ್–ರೂಸ್‌ವೆಲ್ಟ್ ಹೆದ್ದಾರಿ, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಹಾಕಿದ್ದು. ಅದರಿಂದ ದಕ್ಷಿಣಕ್ಕೆ ಕವಲೊಡೆಯುವುದು ಯುರೈಯಾ ಬಟ್ಲರ್ ಹೆದ್ದಾರಿ, ಚಗುವಾನಸ್ ದಾಟಿದ ಮೇಲೆ ಸಾಲಮನ್ ಹೊಚಾಯ್ ಹೆದ್ದಾರಿ. ಸ್ಯಾನ್ ಫೆರ್ನಾಂಡೋ ತನಕ ಒಟ್ಟು 55 ಕಿಲೋಮೀಟರಿನ ಆಸುಪಾಸು. ಅದೇ ಎರಡು ಪಟ್ಟಣಗಳ ನಡುವೆ ಕಡಲ ಮೇಲೆ ‘ವಾಟರ್ ಟ್ಯಾಕ್ಸಿ’ ಎಂಬ ದೋಣಿಯೂ ಓಡುತ್ತದೆ. ಬಟ್ಲರ್ ಹೆದ್ದಾರಿಯ ಪಕ್ಕದಲ್ಲೇ ಕರೋನಿ ಜೌಗು. ಸಂಜೆ ಹೊತ್ತು ಕೆಂಪು ಐಬಿಸ್ ಹಕ್ಕಿಗಳು ಗುಂಪುಗುಂಪಾಗಿ ಬಂದು ಮರಗಳ ಮೇಲೆ ಕೂತರೆ ಮುತ್ತುಗ ಹೂಬಿಟ್ಟ ಹಾಗೆ ಕಾಣುತ್ತದೆ. ಉತ್ತರದಲ್ಲಿ ಬೆಟ್ಟದ ಸಾಲು, ಅತಿ ಎತ್ತರದ ಶಿಖರ 940 ಮೀಟರು. ಆ ಬೆಟ್ಟ ಸುತ್ತಿ ಮರಾಕಸ್ ಕಡಲತೀರಕ್ಕೆ ಇಳಿಯುವ ರಸ್ತೆಯೂ ಯುದ್ಧಕಾಲದ ಅಮೆರಿಕನ್ನರದೇ. ಒಂದು ಕಡೆ ಕಾಡು, ಒಂದು ಕಡೆ ಪ್ರಪಾತ, ಕೆಳಗೆ ಕಡಲು. ನಮ್ಮ ದೇವಿಮನೆ ಘಾಟಿಯ ನೆನಪಾಯಿತು.

ಆಜಿಯ ಜೊತೆ ಮೊದಲು ಹೋದದ್ದು ವಾಟರ್ಲೂ ಎಂಬ ಊರಿನ ಕಡಲ ಗುಡಿಗೆ. ಸಿವದಾಸ್ ಸಾಧು ಎಂಬ ಕೂಲಿಯವರು 1947ರಲ್ಲಿ ಕಡಲ ಬದಿಯಲ್ಲಿ ಒಂದು ಪುಟ್ಟ ಗುಡಿ ಕಟ್ಟಿದರು. ಆ ನೆಲ ಸಕ್ಕರೆ ಕಂಪನಿಯದು. ಕಿತ್ತುಹಾಕು ಎಂದರು, ಅವರು ಒಪ್ಪಲಿಲ್ಲ. ಗುಡಿಯನ್ನು ಕೆಡವಿದರು, ಅವರನ್ನು 14 ದಿನ ಜೈಲಿಗೆ ಹಾಕಿದರು. ನೆಲ ನಿಮ್ಮದಾದರೆ ಕಡಲು ಯಾರದೂ ಅಲ್ಲವಲ್ಲ ಎಂದು ಅವರು ಸೈಕಲ್ಲಿಗೆ ಬಕೆಟ್ಟು ಕಟ್ಟಿ ಕಲ್ಲುಮಣ್ಣು ಹೊತ್ತು ಕಡಲೊಳಗೆ ದಾರಿ ಮಾಡಲು ಶುರುಮಾಡಿದರು. ಇಪ್ಪತ್ತೈದು ವರ್ಷ ಒಬ್ಬರೇ. ಕಡಲ ಅಲೆಗೆ ಶಿಥಿಲವಾಗಿದ್ದ ಆ ಗುಡಿಯನ್ನು ಭಾರತೀಯರು ಬಂದು 150 ವರ್ಷವಾದ 1995ರಲ್ಲಿ ಸರಕಾರವೇ ಮುಂದೆ ನಿಂತು ಮತ್ತೆ ಕಟ್ಟಿಸಿತು. ಆ ದಾರಿಯ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಒಬ್ಬ ಮನುಷ್ಯ ಬಕೆಟ್ಟಿನಲ್ಲಿ ಹೊತ್ತು ಹಾಕಿದ ರಸ್ತೆ ಅದು.

ಅಲ್ಲಿಂದ ಹತ್ತಿರವೇ ಕ್ಯಾರಪಿಚೈಮಾ. 85 ಅಡಿ ಎತ್ತರದ ಹನುಮಂತ ನಿಂತಿದ್ದಾನೆ. ಪಕ್ಕದ ದತ್ತಾತ್ರೇಯ ಯೋಗ ಕೇಂದ್ರಕ್ಕೆ ದಕ್ಷಿಣ ಭಾರತದ ಗೋಪುರ. ಇದು ನಮ್ಮ ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಆಶ್ರಮದ್ದು, 2003ರಲ್ಲಿ ಲೋಕಾರ್ಪಣೆಯಾದದ್ದು. ‘ಮೈಸೂರು’ ಎಂಬ ಮಾತು ಅಲ್ಲಿ ಕಿವಿಗೆ ಬಿದ್ದಾಗ ನನ್ನ ಕಣ್ಣಲ್ಲಿ ನೀರು ಬಂತು. ಆಜಿ ಸೆರಗಿನಂತಿದ್ದ ಓಢ್ನಿಯಿಂದ ಒರೆಸಿದರು.

ಇನ್ನೊಂದು ದಿನ ದಕ್ಷಿಣಕ್ಕೆ ಹೋದೆವು. ಸ್ಯಾನ್ ಫೆರ್ನಾಂಡೋದಲ್ಲಿ ಹಸಿರು ಪಟ್ಟಿ ಇಳಿದು ಕಂದು ಪಟ್ಟಿ ಹತ್ತುವುದು. ಪಟ್ಟಣ ದಾಟುವಾಗ ಆಜಿ ಕೈಮುಗಿದರು. 1884ರ ಅಕ್ಟೋಬರ್ 30ರಂದು ಮೊಹರಮ್ಮಿನ ತಾಬೂತು ಹೊತ್ತು ತೋಟದ ಕೂಲಿಗಳು ಪಟ್ಟಣದತ್ತ ಮೆರವಣಿಗೆ ಬಂದರು. ಪಟ್ಟಣದ ರಸ್ತೆಗೆ ಬರಬಾರದೆಂದು ಸರಕಾರದ ಆಜ್ಞೆ. ಗುಂಡು ಹಾರಿತು. ಕನಿಷ್ಠ 16 ಮಂದಿ ಸತ್ತರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಅದಕ್ಕೆ ಮೂರು ವರ್ಷ ಮೊದಲು, 1881ರಲ್ಲಿ, ಕಾರ್ನಿವಲ್ ಹಬ್ಬದ ದೀವಟಿಗೆಯ ಮೆರವಣಿಗೆ ನಿಲ್ಲಿಸಲು ಬಂದ ಪೊಲೀಸರ ಜೊತೆ ಆಫ್ರಿಕಾ ಮೂಲದವರು ಪೋರ್ಟ್ ಆಫ್ ಸ್ಪೇನಿನ ಬೀದಿಯಲ್ಲಿ ಹೊಡೆದಾಡಿದ್ದರು. ಇಂದು ಅದೇ ಬೀದಿಗಳಲ್ಲಿ ಕಾರ್ನಿವಲ್ ಎರಡು ದಿನ ನಡೆಯುತ್ತದೆ. ಗಾಡಿಗಳಿಗೆ ರಸ್ತೆ ಬಂದ್, ಕುಣಿಯುವವರಿಗೆ ರಸ್ತೆ ಬಿಡುಗಡೆ. ಮೆರವಣಿಗೆಯಲ್ಲಿ ಅತಿ ಹೆಚ್ಚು ಸಲ ಕೇಳಿಬಂದ ಹಾಡಿಗೆ ಕೊಡುವ ಬಿರುದಿನ ಹೆಸರೇ ‘ರೋಡ್ ಮಾರ್ಚ್’. ನಾನು ಟಿವಿಯಲ್ಲಿ ನೋಡಿದೆ, ತೊಟ್ಟಿಲು ತೂಗುತ್ತ.

ನಮ್ಮ ಆ ದಿನದ ದಾರಿ ಮುಗಿದದ್ದು ಲಾ ಬ್ರೇ ಎಂಬ ಊರಿನ ಡಾಂಬರಿನ ಕೆರೆಯಲ್ಲಿ. ಹೌದು, ಡಾಂಬರಿನ ಕೆರೆ! ಸುಮಾರು ನೂರು ಎಕರೆ, ನಡುವೆ 75 ಮೀಟರಿನಷ್ಟು ಆಳ. ನೆಲದ ಆಳದ ತೈಲ ಮೇಲೆ ಬಂದು, ಹಗುರ ಅಂಶ ಆರಿ, ಗಟ್ಟಿ ಡಾಂಬರು ಉಳಿಯುತ್ತದೆ. ಮೇಲೆ ನಡೆಯಬಹುದು, ಒಂದೇ ಕಡೆ ನಿಂತರೆ ಕಾಲು ನಿಧಾನ ಒಳಗಿಳಿಯುತ್ತದೆ. 1595ರಲ್ಲಿ ವಾಲ್ಟರ್ ರಾಲಿ ಎಂಬ ಆಂಗ್ಲ ನಾವಿಕ ಇದೇ ಡಾಂಬರನ್ನು ಹಡಗಿನ ಸಂದಿಗಳಿಗೆ ಮೆತ್ತಿದ್ದ. 1876ರಲ್ಲಿ ವಾಷಿಂಗ್ಟನ್ನಿನ ಪೆನ್ಸಿಲ್ವೇನಿಯಾ ಅವೆನ್ಯೂಗೆ ಹಾಸಿದ್ದು ಈ ಡಾಂಬರೇ. ಜಗತ್ತಿನ ಎಷ್ಟೋ ರಸ್ತೆಗಳಿಗೆ ಮಾಲು ಕೊಟ್ಟ ಲಾ ಬ್ರೇ ಊರಿನ ಸ್ವಂತ ರಸ್ತೆ ಮಾತ್ರ ಅಲೆಅಲೆಯಾಗಿದೆ! ಅಡಿಯಲ್ಲಿ ಡಾಂಬರು ಸರಿಯುತ್ತಲೇ ಇರುವುದರಿಂದ ರಸ್ತೆ ಉಬ್ಬುತ್ತದೆ, ಮನೆಗಳು ವಾಲುತ್ತವೆ. ದೀಪದ ಕೆಳಗೆ ಕತ್ತಲೆ ಎಂಬ ಗಾದೆ ಆಜಿಗೆ ಹೇಳಿದೆ. ತುಂಬ ನಕ್ಕರು.

ಟೊಬೇಗೋ ನೋಡಲಾಗಲಿಲ್ಲ, ಕೂಸನ್ನು ಬಿಟ್ಟು ದೂರ ಹೋಗಲು ಮನಸ್ಸು ಬರಲಿಲ್ಲ. ಹಡಗಿನಲ್ಲಿ ಮೂರುನಾಲ್ಕು ಗಂಟೆ, ವಿಮಾನದಲ್ಲಿ ಅರ್ಧ ಗಂಟೆಗೂ ಕಡಿಮೆ. ಅಲ್ಲಿನ ಜನ 60 ಸಾವಿರ ಚಿಲ್ಲರೆ, ಬಹುಪಾಲು ಆಫ್ರಿಕಾ ಮೂಲದವರು. ನಡುವಿನ ಬೆಟ್ಟದ ಕಾಡನ್ನು 1776ರಲ್ಲೇ ಕಾನೂನು ಮಾಡಿ ಕಾಪಾಡಿದ್ದಾರೆ, ಮಳೆ ಬರಲೆಂದು.

ಹೋಗುವವರಿಗೆ ಎರಡು ಉಪಯೋಗದ ಮಾತು. ಟ್ರಿನಿಡಾಡಿನಿಂದ ವಾಪಸು ಬರುವಾಗ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವನ್ನು ನಮ್ಮ ವಿಮಾನ ನಿಲ್ದಾಣದಲ್ಲಿ ಕೇಳುತ್ತಾರೆ; ಹೊರಡುವ ಮೊದಲೇ ಇಲ್ಲಿ ಹಾಕಿಸಿಕೊಳ್ಳಿ. ಸೈನಿಕರ ಬಟ್ಟೆಯಂಥ ಚುಕ್ಕೆಚುಕ್ಕೆಯ ಉಡುಪು ಅಲ್ಲಿ ಸಾಮಾನ್ಯರಿಗೆ ನಿಷೇಧ. ಮೊಮ್ಮಕ್ಕಳ ಪ್ಯಾಂಟು ನೋಡಿ ಪ್ಯಾಕ್ ಮಾಡಿ. ಜನವರಿಯಿಂದ ಮೇ ತನಕ ಒಣ ಹವೆ, ಹೋಗಲು ಒಳ್ಳೆಯ ಕಾಲ.

ಕೊನೆಯ ವಾರ ನಾನು ಒಬ್ಬಳೇ ಚಗುವಾನಸ್ ಪೇಟೆಗೆ ಹೋಗಿ ಬಂದೆ. ‘ಎಚ್’ ನೋಡಿದೆ, ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರನ್ನು ನೋಡಿದೆ, ‘ಗುಡ್ ಮಾರ್ನಿಂಗ್’ ಹೇಳಿದೆ. ಅವರೆಕಾಯಿ ತಂದೆ. ಸಂಜೆ ಹಿತುಕಿದ ಬೇಳೆಯ ಸಾರು ಮಾಡಿ ಬೇಲಿಯಾಚೆ ಒಂದು ಡಬ್ಬಿ ಕೊಟ್ಟೆ. ಆಜಿ ಉಂಡು ಹೇಳಿದರು, “ಸೇಮ್ ಬೀಜದ ಸಿಪ್ಪೆ ಒಂದೊಂದಾಗಿ ತೆಗೆಯೋಕೆ ನಿಮ್ಮವರಿಗೆ ಎಷ್ಟು ತಾಳ್ಮೆ!”

ಅಕ್ಕತಂಗಿಯರೇ, ಹೊರಡುವ ಹಿಂದಿನ ದಿನ ನಾನು ಆಜಿಯನ್ನು ಕೇಳಿದೆ, ಭಾಷೆ ಹೋದದ್ದಕ್ಕೆ ಬೇಸರವೇ ಎಂದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, “ನನ್ನ ಅಮ್ಮ ನಮ್ಮ ಜೊತೆ ಆ ಮಾತು ಆಡಲಿಲ್ಲ. ಶಾಲೆಯಲ್ಲಿ ನಮ್ಮನ್ನು ನೋಡಿ ನಗ್ತಾರೆ ಅಂತ. ಅಡಿಗೆ ಮಾಡುವಾಗ ಮಾತ್ರ ಬಾಯಿತಪ್ಪಿ ಬರ್ತಿತ್ತು. ಅದಷ್ಟೇ ನಮಗೆ ಸಿಕ್ಕಿದ್ದು.” ನಾನು ನನ್ನ ಮಗಳನ್ನು ನೆನೆದೆ. ಡೊಂಬಿವಲಿಯ ಕಾನ್ವೆಂಟಿಗೆ ಹೋಗುವಾಗ, ‘ಅಮ್ಮಾ, ಗೇಟಿನ ಹತ್ರ ಕನ್ನಡ ಮಾತಾಡಬೇಡ’ ಎಂದವಳು ಅವಳು. ನಾನೂ ಸುಮ್ಮನಾಗಿದ್ದೆ. ಈಗ ಅವಳ ಮಗಳು ಅಲ್ಲಿ ಬೆಳೆಯುತ್ತಿದ್ದಾಳೆ. ಆ ರಾತ್ರಿ ಮಗಳಿಗೆ ಒಂದೇ ಮಾತು ಹೇಳಿದೆ, “ಅಡಿಗೆಮನೆಯಲ್ಲಿ ಬಾಯಿತಪ್ಪಿ ಬರುವಷ್ಟು ಸಾಲದು. ಬೇಕೆಂದೇ ಆಡು.” ಅವಳು ಏನೂ ಹೇಳಲಿಲ್ಲ, ಮಗುವನ್ನು ತೂಗುತ್ತ ನಮ್ಮ ಅಮ್ಮನ ಜೋಗುಳ ಹಾಡಿದಳು. ಎರಡು ಸಾಲು ಮರೆತಿದ್ದಳು. ನಾನು ಎತ್ತಿಕೊಟ್ಟೆ.

ನಮಗೆ ಭಾನುವಾರ ಸಂಜೆಯಾದಾಗ ಅಲ್ಲಿ ಬೆಳಿಗ್ಗೆ, ಒಂಬತ್ತೂವರೆ ಗಂಟೆ ಅವರು ಹಿಂದೆ. ಪ್ರತಿ ವಾರ ವಿಡಿಯೋ ಕರೆಯಲ್ಲಿ ಕೂಸು ನನ್ನನ್ನು ‘ಅಜ್ಜಿ’ ಎನ್ನುತ್ತದೆ. ಹಿಂದಿನಿಂದ ಆಜಿಯ ಧ್ವನಿ ಕೇಳಿಸುತ್ತದೆ, “ನಾನಿ! ನಾನಿ ಅನ್ನು!” ಈ ಜಗಳ ಹೀಗೇ ನಡೆಯಲಿ ಎಂದು ನನ್ನ ಆಸೆ.

ಊರಿಗೆ ಬಂದ ಮರುದಿನ ಸ್ಟೇಷನ್ ಹೊರಗೆ ಶೇರ್ ರಿಕ್ಷಾ ಹತ್ತಿದೆ. ಅಭ್ಯಾಸಬಲದಿಂದ ಎಲ್ಲರಿಗೂ ‘ನಮಸ್ಕಾರ’ ಎಂದೆ. ಮೂವರೂ ನನ್ನನ್ನು ವಿಚಿತ್ರವಾಗಿ ನೋಡಿದರು. ಆಮೇಲೆ ಕಾಲೇಜಿನ ಹುಡುಗಿಯೊಬ್ಬಳು ನಕ್ಕು, “ನಮಸ್ಕಾರ್ ಕಾಕೂ” ಎಂದು ಜಾಗ ಬಿಟ್ಟಳು. ಅಂದಿನಿಂದ ನಾನು ಬಿಟ್ಟಿಲ್ಲ. ನೀವೂ ಮಾಡಿ ನೋಡಿ.